ಆನವಟ್ಟಿಯಿಂದ ವಿಮಾನ ಹತ್ತಲು ಹೊರಟಿದ್ದು

ಆನವಟ್ಟಿಯ ನಮ್ಮ ಹೊಲಿಗೆ ಅಂಗಡಿಯ ಮುಂದೆ ಮಂಜಣ್ಣನ ಕಾರು ಬಂದು ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಆಷಾಢದ ಜಡಿಮಳೆ ಹಿಂದಿನ ದಿನದಿಂದ ಬಿಟ್ಟಿರಲಿಲ್ಲ. ಜರೀನಾ ಎರಡು ಚೀಲ, ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಆಗಲೇ ಕೂತಿದ್ದಳು. ರಾತ್ರಿ ಮಲಗಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ.

ಈ ಅಂಗಡಿಯನ್ನು ನಾವಿಬ್ಬರೂ ಬಹಳ ವರ್ಷಗಳಿಂದ ಜೊತೆಯಾಗಿ ನಡೆಸುತ್ತಿದ್ದೇವೆ. ಬಟ್ಟೆ ಕತ್ತರಿಸುವುದು ನಾನು, ಹೊಲಿಯುವುದು ಅವಳು. ಅವಳ ಒಬ್ಬಳೇ ಮಗಳು ನಜ್ಮಾ ಮದುವೆಯಾಗಿ ಹೈದರಾಬಾದಿನಲ್ಲಿದ್ದಾಳೆ. ಅವಳ ಮೊದಲ ಹೆರಿಗೆಯ ಸುದ್ದಿ ಬಂದಾಗ ಜರೀನಾ ಸಂಜೆ ಬಸ್ಸು ಹತ್ತಿದ್ದಳು. ಮಾರನೆಯ ದಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿ, ಮಣ್ಣೂ ಆಗಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ನಜ್ಮಾ, 'ಅಮ್ಮೀ, ಈಗ ಯಾಕೆ ಬಂದೆ?' ಎಂದಳಂತೆ. ಆ ಒಂದು ಮಾತನ್ನು ಜರೀನಾ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ.

ಈ ಸಲ ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಎರಡು ವಾರವಿತ್ತು. ಆದರೆ ಬಿ.ಪಿ. ಏರಿದೆಯೆಂದು ನಜ್ಮಾಳನ್ನು ಹಿಂದಿನ ದಿನವೇ ಸೇರಿಸಿಕೊಂಡಿದ್ದರು. 'ನಾಳೆ ಸಂಜೆ ಆಪರೇಷನ್ ಮಾಡಬಹುದು' ಎಂದು ಅಳಿಯ ಇಮ್ರಾನ್ ಫೋನ್ ಮಾಡಿದವನೇ, ನಮ್ಮ ಶಿವಮೊಗ್ಗ ಜಿಲ್ಲೆಯ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ಎರಡು ಟಿಕೆಟ್ ತೆಗೆದುಬಿಟ್ಟಿದ್ದ. ದರ ಬಸ್ಸಿನ ಎರಡು ಪಟ್ಟಿಗಿಂತ ಹೆಚ್ಚು, ಆದರೆ ಪ್ರಯಾಣ ಬರೀ ಒಂದೂವರೆ ಗಂಟೆಯದು. ಜರೀನಾಳ ಗಂಡ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಹಾಗಾಗಿ ಎರಡನೆಯ ಟಿಕೆಟ್ ನನ್ನ ಪಾಲಿಗೆ ಬಂತು. ನಾವಿಬ್ಬರೂ ಅಲ್ಲಿಯವರೆಗೆ ವಿಮಾನವನ್ನು ಅಂಗಳದಲ್ಲಿ ನಿಂತು ನೋಡಿದವರೇ ಹೊರತು ಹತ್ತಿದವರಲ್ಲ.

ಶಿರಾಳಕೊಪ್ಪ ದಾಟಿ ತಾಳಗುಂದದ ಕಡೆ ರಸ್ತೆ ಒಡೆಯುವ ಹೊತ್ತಿಗೆ ಬೆಳಗಾಯಿತು. ಎರಡೂ ಕಡೆ ಮೊಣಕಾಲೆತ್ತರದ ಮೆಕ್ಕೆಜೋಳ, ಗದ್ದೆಗಳಲ್ಲಿ ನೀರು. ಮಂಜಣ್ಣ ಶಿಕಾರಿಪುರದವನು. ವಿಮಾನ ನಿಲ್ದಾಣ ಆದ ಮೇಲೆ ಅವನ ಬಾಡಿಗೆಯಲ್ಲಿ ಅರ್ಧ ಅಲ್ಲಿಯದೇ.

"ಇವತ್ತು ವಿಮಾನ ಇರ್ತದಲ್ಲ ಮಂಜಣ್ಣ?" ಎಂದೆ.

"ನಾನೇನ್ ಹೇಳ್ಲಿ ಅಕ್ಕಾರೆ. ಹ್ವಾದ ವಾರ ಒಬ್ರನ್ನ ಬಿಟ್ ಬಂದೆ, ಹಾರಿ ಹ್ವಾದ್ರು. ಅದರ ಹಿಂದ್ಲ ವಾರ ಇನ್ನೊಬ್ರನ್ನ ಬಿಟ್ಟೆ, ನನ್ ಕಾರಲ್ಲೇ ವಾಪಸ್ ಬಂದ್ರು. ಮಳೆಗಾಲ ನೋಡ್ರಿ. ಅದನ್ನ ಮುಚ್ತಾರಂತ ಕೆಲವ್ರು ಅಂತಾರ, ರಾತ್ರಿನೂ ವಿಮಾನ ಇಳೀತೈತಿ ಅಂತ ಕೆಲವ್ರು ಅಂತಾರ. ಇಬ್ರೂ ನನ್ ಕಾರಾಗೇ ಕುಂತು ಹೇಳೋದು."

ಜರೀನಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವಳ ತುಟಿ ಮಾತ್ರ ಆಡುತ್ತಿತ್ತು. ದುವಾ ಹೇಳುತ್ತಿದ್ದಳು.

ಶಿಕಾರಿಪುರದಲ್ಲಿ ಇಳಿಯದೆ, ಶಿವಮೊಗ್ಗ ದಾಟಿ, ಒಟ್ಟು ನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ ಸವೆಸಿ ನಿಲ್ದಾಣ ಮುಟ್ಟಿದಾಗ ಎಂಟು ಗಂಟೆ. ಕಟ್ಟಡ ದೊಡ್ಡದು. ಒಳಗಿನ ನೆಲ ಎಷ್ಟು ನುಣುಪೆಂದರೆ ಜರೀನಾ ಚಪ್ಪಲಿ ಬಿಡಲು ನೋಡಿದಳು. ಜನ ಮಾತ್ರ ಆನವಟ್ಟಿಯ ಒಂದು ಬಸ್ಸಿನಲ್ಲಿ ಇರುವಷ್ಟೂ ಇರಲಿಲ್ಲ. ತಪಾಸಣೆಯಲ್ಲಿ ಅವಳ ಕೈಚೀಲವನ್ನು ಯಂತ್ರ ಎರಡು ಸಲ ನುಂಗಿ ಎರಡು ಸಲ ಉಗುಳಿತು. ಒಳಗೆ ದಾರ ಕತ್ತರಿಸುವ ಕತ್ತರಿ ಇತ್ತು.

"ಇದನ್ನ ಬಿಡೋಕಾಗಲ್ಲಮ್ಮ," ಎಂದಳು ಕಾವಲಿನ ಹುಡುಗಿ.

"ಮಗೂಗೆ ಅಂಗಿ ಹೊಲೀತಿದೀನಿ ರೀ, ಇನ್ನೂ ಮುಗ್ದಿಲ್ಲ," ಎಂದು ಜರೀನಾ ಅರ್ಧ ಹೊಲಿದ ಅಂಗೈಯಗಲದ ಬಿಳಿ ಅಂಗಿಯನ್ನೇ ತೆಗೆದು ತೋರಿಸಿದಳು. ಹುಡುಗಿ ನಕ್ಕಳು, ಆದರೆ ಕತ್ತರಿಯನ್ನು ಪಕ್ಕಕ್ಕಿಟ್ಟುಕೊಂಡಳು.

ಒಂಬತ್ತೂವರೆಗೆ ಹೊರಡಬೇಕಿದ್ದ ವಿಮಾನ ಮೊದಲು ಹೈದರಾಬಾದಿನಿಂದ ಇಲ್ಲಿಗೆ ಬರಬೇಕಿತ್ತು. ಗಾಜಿನಾಚೆ ಬಿಳಿ ಮೋಡ ನೆಲಕ್ಕೇ ಬಂದು ಕೂತಿತ್ತು. ರನ್‌ವೇಯ ತುದಿ ಕಾಣುತ್ತಿರಲಿಲ್ಲ. ಒಂಬತ್ತು ಗಂಟೆಯ ಸುಮಾರಿಗೆ ಮೇಲೆಲ್ಲೋ ಗುಂಯ್ ಎಂಬ ಸದ್ದು ಕೇಳಿ ಎಲ್ಲರೂ ಎದ್ದು ನಿಂತೆವು.

"ಬಂತು ಸರೋಜಕ್ಕ, ಬಂತು!" ಜರೀನಾ ನನ್ನ ಕೈ ಹಿಡಿದಳು.

ಸದ್ದು ನಮ್ಮ ತಲೆಯ ಮೇಲೇ ಹಾದು ದೂರ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಮೂರನೆಯ ಸಲಕ್ಕೆ ಕಾದು ನಿಂತೆವು. ಅದು ಬರಲೇ ಇಲ್ಲ. ಮೋಡದಿಂದಾಗಿ ಇಳಿಯಲಾಗದೆ ವಿಮಾನ ಬೆಂಗಳೂರಿಗೆ ಹೋಗಿದೆ ಎಂದು ಸ್ವಲ್ಪ ಹೊತ್ತಿನ ಮೇಲೆ ಹೇಳಿದರು.

ಆಮೇಲಿನ ಒಂದು ಗಂಟೆ ನನಗೆ ಈಗಲೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಯಾರು ಏನು ಹೇಳಿದರು ಎಂಬುದು ಒಂದರ ಮೇಲೊಂದು ಬಿದ್ದುಹೋಗಿದೆ. ಮೋಡ ತಿಳಿಯಾದರೆ ವಿಮಾನ ಮಧ್ಯಾಹ್ನ ವಾಪಸ್ ಬರಬಹುದು ಎಂದರು ಒಬ್ಬರು. ಬರುವುದಿಲ್ಲ, ದುಡ್ಡು ವಾಪಸ್ ತಗೊಳ್ಳಿ ಎಂದರು ಇನ್ನೊಬ್ಬರು. ಮೋಡದಲ್ಲಿ ಇಳಿಸುವ ಯಂತ್ರ ಇಲ್ಲಿ ಇಲ್ಲ ಎಂದು ಒಬ್ಬ ಪ್ರಯಾಣಿಕ, ಇದೆ ಎಂದು ಮತ್ತೊಬ್ಬ, ಇದ್ದರೂ ಇಷ್ಟು ಮೋಡಕ್ಕೆ ಸಾಲದು ಎಂದು ಮೂರನೆಯವ ವಾದಕ್ಕಿಳಿದರು. ಟೈ ಕಟ್ಟಿದ್ದ ಒಬ್ಬರಂತೂ, "ಇಷ್ಟು ಸಣ್ಣ ಊರಿಗೆ ಇದು ಬೇಕಿತ್ತಾ? ಸರ್ಕಾರ ಕೈ ಬಿಟ್ಟ ದಿನ ಮುಚ್ಚುತ್ತೆ," ಎಂದರು. ಹಾಗೆ ಹೇಳಿದವರೇ ವಿಮಾನ ಯಾವಾಗ ಬರುತ್ತದೆಂದು ಎಲ್ಲರಿಗಿಂತ ಹೆಚ್ಚು ಸಲ ಹೋಗಿ ಕೇಳುತ್ತಿದ್ದರು.

ಜರೀನಾಗೆ ಕೂರಲಾಗಲಿಲ್ಲ. ಅಲ್ಲಿಯವರಿಗೆ ಹೇಳಿ ಇಬ್ಬರೂ ಹೊರಗೆ ಬಂದೆವು. ಬರುವಾಗ ಹುಡುಗಿ ಕತ್ತರಿ ವಾಪಸ್ ಕೊಟ್ಟಳು. ಗೇಟಿನಾಚೆ ರಸ್ತೆಯ ಪಕ್ಕ ಪ್ಲಾಸ್ಟಿಕ್ ಹೊದಿಸಿದ ಗಾಡಿಯಲ್ಲಿ ಒಬ್ಬ ಹೆಂಗಸು ಚಹಾ, ಮಂಡಕ್ಕಿ ಮಾರುತ್ತಿದ್ದಳು. ಗಿರಿಜಮ್ಮ ಎಂದು ಹೆಸರು. ವಾಪಸ್ ಬಾಡಿಗೆಗೆ ಕಾದು ಅಲ್ಲೇ ನಿಂತಿದ್ದ ಮಂಜಣ್ಣನಿಗೆ ಪರಿಚಯದವಳು. ಅವಳ ಮನೆಯವರ ಹೊಲ ಈ ನಿಲ್ದಾಣದೊಳಗೆ ಹೋಗಿದೆಯಂತೆ.

"ಈಗ ರನ್‌ವೇ ಐತಲ್ಲ, ಅಲ್ಲಿ ನಮ್ಮತ್ತೆ ಶೇಂಗಾ ಬಿತ್ತೋರು," ಎಂದಳು, ಗ್ಲಾಸು ತೊಳೆಯುತ್ತ.

"ಹಂಗಾದ್ರೆ ಇದು ಮುಚ್ಚಿದ್ರೆ ನಿಮಗೆ ಖುಷಿ ಆಗಬಹುದು," ಎಂದೆ. ಸಮಾಧಾನಕ್ಕೆಂದು ಹೇಳಿದ ಮಾತು ಅದು.

ಗಿರಿಜಮ್ಮ ನನ್ನನ್ನು ನೆಟ್ಟಗೆ ನೋಡಿದಳು. "ಖುಷಿ ಯಾಕ್ರೀ? ಮುಚ್ಚಿದ್ರೆ ಹೊಲ ವಾಪಸ್ ಕೊಡ್ತಾರಾ? ಕೊಟ್ರೂ ಆ ಕಾಂಕ್ರೀಟಿನ ಮೇಲೆ ಏನ್ ಬಿತ್ತೋದು? ತಗಳೋವಾಗ ಬೇಡ ಅಂತ ನಾವ್ ಕೂಗಿದ್ವಿ. ಈಗ ಮುಚ್ಬ್ಯಾಡ್ರಿ ಅಂತ ನಾವೇ ಕೂಗ್ಬೇಕಾಗೈತಿ. ನಮ್ಮನೆಯವ್ರು ಎರಡು ಸಲನೂ ಅದೇ ಆಫೀಸಿನ ಮುಂದೆ ಕುಂತಿದ್ರು."

ಚಹಾ ಕುಡಿದು ಮುಗಿಸುವಷ್ಟರಲ್ಲಿ ಇಮ್ರಾನನ ಫೋನ್ ಬಂತು. ಆಪರೇಷನ್ ಸಂಜೆಗೇ ಎಂದು ಖಚಿತವಾಗಿತ್ತು. ಹುಬ್ಬಳ್ಳಿಯಿಂದ ಸಂಜೆ ಒಂದು ವಿಮಾನವಿದೆ, ಅಲ್ಲಿಗೆ ಹೋಗಿ, ಈ ಟಿಕೆಟನ್ನು ತಾನೇ ಫೋನಿನಲ್ಲಿ ರದ್ದು ಮಾಡುತ್ತೇನೆ ಎಂದ. ಹುಬ್ಬಳ್ಳಿಗೆ ಹೋಗುವ ದಾರಿ ಶಿಕಾರಿಪುರ, ಆನವಟ್ಟಿಗಳ ಮೇಲೆಯೇ. ಅಂದರೆ ಬೆಳಗಿನಿಂದ ಬಂದ ದಾರಿಯನ್ನೇ ಪೂರಾ ವಾಪಸ್ ಹೋಗಿ, ಮನೆಯ ಮುಂದೆ ಹಾದು, ಇನ್ನೂ ಅಷ್ಟೇ ದೂರ ಹೋಗಬೇಕು. ಜರೀನಾ ಆಗಲೇ ಕಾರು ಹತ್ತಿದ್ದಳು.

ಶಿಕಾರಿಪುರಕ್ಕೆ ಬಂದಾಗ ಹೊತ್ತು ಮಧ್ಯಾಹ್ನಕ್ಕೆ ತಿರುಗಿತ್ತು. ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಯಲ್ಲಿ ರೊಟ್ಟಿ ತಿನ್ನಲು ಇಳಿದೆವು. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಜರೀನಾ ಒಂದು ತುತ್ತು ಮುರಿದು ಹಿಡಿದುಕೊಂಡಿದ್ದಳು, ಬಾಯಿಗಿಡಲಿಲ್ಲ. ಆಗಲೇ ನನ್ನ ಫೋನಿಗೆ ವಿಮಾನ ಕಂಪನಿಯ ಸಂದೇಶ ಬಂತು: ವಿಮಾನ ಬೆಂಗಳೂರಿನಿಂದ ವಾಪಸ್ ಬಂದು ಮಧ್ಯಾಹ್ನ ಮೂರೂವರೆಗೆ ಹೊರಡಲಿದೆ.

ಮೂವರೂ ರಸ್ತೆಯ ಬದಿಯಲ್ಲಿ ನಿಂತು ಆಕಾಶ ನೋಡಿದೆವು. ಶಿಕಾರಿಪುರದ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿ ಬಿದ್ದಿದೆಯೋ ಇಲ್ಲವೋ?

"ತಿರುಗೋಣ," ಎಂದೆ.

"ಬೇಡ ಸರೋಜಕ್ಕ. ಮತ್ತೆ ತಲೆ ಮೇಲೆ ಸುತ್ತಿ ಹೋದ್ರೆ? ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತಾಗ್ತದೆ. ಹುಬ್ಬಳ್ಳಿಗೇ ಹೋಗಾಣ."

"ಹುಬ್ಬಳ್ಳಿ ವಿಮಾನ ಮುಟ್ಟೋದು ರಾತ್ರಿಗೆ ಮಾರಾಯ್ತಿ. ಆಪರೇಷನ್ ಸಂಜೆಗೆ."

"ಮಂಜಣ್ಣ, ನೀನಾದ್ರೂ ಹೇಳಪ್ಪ," ಎಂದಳು ಜರೀನಾ.

ಮಂಜಣ್ಣ ಎರಡೂ ಕೈ ಎತ್ತಿದ. "ನಾನ್ ಹೇಳಬಾರ್ದು ಅಕ್ಕಾರೆ. ಯಾವ ಕಡೆ ಹ್ವಾದ್ರೂ ನಂಗೆ ಬಾಡಿಗಿನೇ. ನಾಳೆ ನಾನ್ ಹೇಳಿದ್ದಕ್ಕೇ ಹಿಂಗಾತು ಅನ್ನಬಾರ್ದು."

ನಾನು ಇಮ್ರಾನನಿಗೆ ಫೋನ್ ಹಚ್ಚಿದೆ. ಟಿಕೆಟ್ ರದ್ದಾಗಿಬಿಟ್ಟಿದ್ದರೆ ಈ ಮಾತಿಗೆಲ್ಲ ಅರ್ಥವಿರಲಿಲ್ಲ. ಅವನು ಡಾಕ್ಟರ ಕೋಣೆಯ ಮುಂದಿದ್ದ. ಗಡಿಬಿಡಿಯಲ್ಲಿ ಇನ್ನೂ ರದ್ದು ಮಾಡಿರಲಿಲ್ಲ, ಹುಬ್ಬಳ್ಳಿಯ ಟಿಕೆಟ್ಟೂ ತೆಗೆದಿರಲಿಲ್ಲ. ಅವನ ಹಿಂದಿನಿಂದ ನಜ್ಮಾಳ ದನಿ ಕೇಳಿತು. "ಅಮ್ಮಿ ಎಲ್ಲಿದಾರೆ? ವಿಮಾನ ಹತ್ತಿದ್ರಾ?"

ಜರೀನಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹತ್ತೋಕೆ ಹೊಂಟಿದೀನಿ ಬೇಟಾ," ಎಂದು ಫೋನ್ ಇಟ್ಟು, ಕಾರಿನ ಬಾಗಿಲು ತೆಗೆದಳು. "ತಿರುಗ್ಸು ಮಂಜಣ್ಣ."

ವಾಪಸ್ ಹೋಗುವಾಗ ಮೂವರ ಕಣ್ಣೂ ಆಕಾಶದ ಮೇಲೇ. ಒಂದು ಊರಲ್ಲಿ ಬಿಸಿಲು, ಮುಂದಿನ ಊರಲ್ಲಿ ಮಳೆ. ನಾನೇ ಒತ್ತಾಯ ಮಾಡಿ ತಿರುಗಿಸಿದ್ದು. ತಪ್ಪಿದರೆ ಇವಳ ಮುಖ ಹೇಗೆ ನೋಡಲಿ? ಕಾರು ಗೇಟಿನೊಳಗೆ ಹೋಗುವ ಮೊದಲು ಜರೀನಾ ಇಳಿದು, ಕತ್ತರಿಯನ್ನು ಗಿರಿಜಮ್ಮನಿಗೆ ಕೊಟ್ಟುಬಂದಳು. "ಇಟ್ಕಳ್ರೀ, ನಿಮಗಾಗ್ತದೆ. ಒಳಗೆ ಬಿಡಲ್ಲ," ಎಂದಳಂತೆ.

ವಿಮಾನ ಬಂದು ನಿಂತಿತ್ತು. ರೆಕ್ಕೆಗೆ ಪಂಖವಿರುವ ಸಣ್ಣದು. ಏಣಿ ಹತ್ತುವಾಗ ಜರೀನಾ ಬಿಸ್ಮಿಲ್ಲಾ ಎಂದಳು, ನಾನು ಶಿಕಾರಿಪುರದ ನಮ್ಮ ಹನುಮಂತ, ಹುಚ್ಚರಾಯಪ್ಪನನ್ನು ನೆನೆದೆ. ನೆಲ ಬಿಡುವಾಗ ಅವಳು ಕಣ್ಣು ಮುಚ್ಚಿದ್ದಳು. ನಾನು ಮುಚ್ಚಲಿಲ್ಲ. ಕೆಳಗೆ ಗದ್ದೆಗಳ ತುಣುಕುಗಳು ಕಂಡವು, ಬಟ್ಟೆ ಕತ್ತರಿಸಿ ಉಳಿದ ಚೂರುಗಳ ಹಾಗೆ, ಆಮೇಲೆ ಮೋಡ. ಬಿಸ್ಕತ್ತು, ನೀರು ಕೊಟ್ಟರು. ಬೆಳಿಗ್ಗೆಯಿಂದ ಏನೂ ತಿನ್ನದೆ ಇದ್ದ ಜರೀನಾ ಬಿಸ್ಕತ್ತು ತಿಂದಳು.

ಹೈದರಾಬಾದಿನ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ದಾರಿ ವಿಮಾನಕ್ಕಿಂತ ನಿಧಾನವಾಯಿತು. ನಾವು ಓಡಿಕೊಂಡು ಮೇಲೆ ಹೋದಾಗ ನಜ್ಮಾಳನ್ನು ಹಸಿರು ಬಟ್ಟೆಯಲ್ಲಿ ಗಾಲಿಮಂಚದ ಮೇಲೆ ತಳ್ಳಿಕೊಂಡು ಬರುತ್ತಿದ್ದರು. ನರ್ಸು ಜರೀನಾಳನ್ನು ತಡೆಯಲು ಬಂದಳು, ತಡೆಯಲಿಲ್ಲ. ನಜ್ಮಾ ತಾಯಿಯ ಸೆರಗಿನ ತುದಿ ಹಿಡಿದಳು. ಬಾಗಿಲು ಬಂದಾಗ ನರ್ಸೇ ಆ ಬೆರಳು ಬಿಡಿಸಿದಳು. ಹೊತ್ತು ಮುಳುಗಿ ಮಗ್ರಿಬ್‌ನ ಅಜಾನ್ ಕೇಳುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತ್ತು. ತೂಕ ಕಡಿಮೆ, ದನಿ ಜೋರು. ಜರೀನಾ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅತ್ತಿದ್ದು ಆಗಲೇ.

ಹತ್ತು ದಿನ ಅಲ್ಲಿದ್ದೆವು. ವಾಪಸ್ ಬಂದಿದ್ದು ಅದೇ ವಿಮಾನದಲ್ಲಿ, ನಿಚ್ಚಳ ಬಿಸಿಲಿನಲ್ಲಿ. ಸೀಟುಗಳಲ್ಲಿ ಅರ್ಧ ಖಾಲಿ. ನಮ್ಮ ಹಿಂದೆ ಕೂತಿದ್ದ ಇಬ್ಬರು ವ್ಯಾಪಾರಿಗಳು ದಾರಿಯುದ್ದಕ್ಕೂ ಜಗಳವಾಡಿದರು. ಈ ಹಾರಾಟ ಬೇಗ ನಿಲ್ಲುತ್ತದೆ ಎಂದು ಒಬ್ಬ, ಇನ್ನೂ ದೊಡ್ಡ ವಿಮಾನ ಬರುತ್ತದೆ ಎಂದು ಇನ್ನೊಬ್ಬ. ಇಬ್ಬರೂ ಗಟ್ಟಿಯಾಗಿ, ಕಂಡವರ ಹಾಗೆ ಹೇಳುತ್ತಿದ್ದರು. ನಾನು ಒಂದಷ್ಟು ದೂರ ಇವನ ಕಡೆಗಿದ್ದೆ, ಒಂದಷ್ಟು ದೂರ ಅವನ ಕಡೆಗೆ. ಇಳಿಯುವಾಗ ಗಾಲಿ ನೆಲ ಮುಟ್ಟಿದ ಜಾಗದಲ್ಲಿ ಯಾರದೋ ಶೇಂಗಾ ಹೊಲವಿತ್ತು ಎಂಬುದು ನೆನಪಾಗಿ ಯಾವ ಕಡೆಗೂ ಇರಲಾಗಲಿಲ್ಲ.

ಮಂಜಣ್ಣ ಬಂದಿದ್ದ. ಶಿಕಾರಿಪುರ ದಾಟಿ ಉಡುತಡಿಯ ಕಡೆಯ ಹೊಲಗಳು ಕಾಣುವಾಗ ಜರೀನಾಳ ಫೋನ್ ಹೊಡೆದುಕೊಂಡಿತು. ನಜ್ಮಾ ವಿಡಿಯೋದಲ್ಲಿ ಮಗುವಿನ ಮುಖ ತೋರಿಸಿದಳು; ಬಿಳಿ ಅಂಗಿ ಅದಕ್ಕೆ ಇನ್ನೂ ದೊಡ್ಡದಾಗಿತ್ತು.

"ಅಮ್ಮೀ, ಚಳಿಗಾಲಕ್ಕೆ ಇವಳನ್ನ ಕರ್ಕೊಂಡು ಬರ್ತೀನಿ. ಬಸ್ಸಲ್ಲಿ ಆಗಲ್ಲ, ವಿಮಾನಕ್ಕೇ ಬರ್ತೀನಿ. ಅಷ್ಟೊತ್ತಿಗೆ ಅದು ಇರುತ್ತಲ್ಲ?"

"ಇರ್ತದೆ ಬೇಟಾ, ಎಲ್ಲಿ ಹೋಗ್ತದೆ," ಎಂದಳು ಜರೀನಾ, ಒಂದು ಚೂರೂ ತಡವರಿಸದೆ.

ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ ಮುಂದಕ್ಕೆ ಬಾಗಿ, ನನಗೆ ಕೇಳಬಾರದೆಂಬಂತೆ ಮೆಲ್ಲಗೆ ಕೇಳಿದಳು:

"ಇರ್ತದಾ ಮಂಜಣ್ಣ?"