ವಿಳಾಸಕ್ಕೆ ಮಾತ್ರ ಬೇಕಾದ ಅಂಗಡಿ

ಗೆಳತಿಯರೇ, ಇವತ್ತು ನನ್ನ ಮಾನ ಹೋಯಿತು, ಅದೂ ಕೊರಿಯರ್ ಮೂಲಕ.

ನಾಲ್ಕು ತಿಂಗಳ ಮಗಳು ಸೀರೆಯ ಜೋಲಿಯಲ್ಲಿ ಮಾತ್ರ ಮಲಗುತ್ತಾಳೆ. ಜೋಲಿ ತಾನಾಗಿ ಆಡಲು ಸ್ಪ್ರಿಂಗ್ ಬೇಕಿತ್ತು. ಎದುರಿನ ರಂಗಣ್ಣನ ಅಂಗಡಿಯಲ್ಲಿ ಅವು ಗೊಂಚಲಾಗಿ ನೇತಾಡುತ್ತವೆ. ಆದರೆ ತುಂಡಾದರೆ ಏನು ಗತಿ ಎಂದು ಹೆದರಿ, ‘ಪರೀಕ್ಷಿಸಿದ್ದು’ ಎಂದು ಬರೆದಿದ್ದನ್ನು ನಂಬಿ ಇಂಟರ್‌ನೆಟ್‌ನಲ್ಲಿ ತರಿಸಿದೆ. ಪೋತ್ತನೂರಿನ ನಮ್ಮ ಸಂದು ಯಾರಿಗೂ ಸಿಗುವುದಿಲ್ಲವಲ್ಲ, ವಿಳಾಸದಲ್ಲಿ ‘ರಂಗಣ್ಣನ ಅಂಗಡಿ ಎದುರು’ ಎಂದು ಸೇರಿಸಿದ್ದೆ.

ಮಧ್ಯಾಹ್ನ ಮಗಳು ಹೇಗೋ ಮಲಗಿದಳೆಂದು ಕಾಲಿಂಗ್ ಬೆಲ್ ಬಂದ್ ಮಾಡಿದ್ದೆ. ಕೊರಿಯರ್‌ನವನು ಒತ್ತಿ ಒತ್ತಿ ಸೋತು, ಪಾರ್ಸೆಲನ್ನು ರಂಗಣ್ಣನಿಗೇ ಕೊಟ್ಟು ಹೋದ. ಅವರು ತಂದು ಬಾಗಿಲು ಬಡಿದರು. ಮಗಳು ಎದ್ದಳು.

“ಒಳಗೆ ಏನು ಅಮ್ಮಣಿ?”

ಸುಳ್ಳು ಹೇಳುವಷ್ಟು ನಿದ್ದೆ ನನಗಾಗಿರಲಿಲ್ಲ. “ಜೋಲಿ ಸ್ಪ್ರಿಂಗ್, ಅಣ್ಣಾ.”

“ಅಡ್ರೆಸ್ಸಿಗೆ ನಮ್ಮ ಅಂಗಡಿ ಬೇಕು, ಸಾಮಾನಿಗೆ ವೇಣಾಮಾ, ಬೇಡವಾ?”

ಬಿಚ್ಚಿದರೆ ಸ್ಪ್ರಿಂಗ್ ಇತ್ತು, ಅದನ್ನು ತೂಗುಹಾಕುವ ಕೊಕ್ಕೆ ಇರಲಿಲ್ಲ. ರಂಗಣ್ಣ ಅಂಗಡಿಯಿಂದ ಕೊಕ್ಕೆ ತಂದು, ತೊಲೆಗೆ ಸಿಕ್ಕಿಸಿ, ತಾವೇ ಅದಕ್ಕೆ ಜೋತುಬಿದ್ದರು.

“ನೋಡ್ಕೋ. ಇದೂ ಟೆಸ್ಟ್ ಆಯ್ತು.”

ಹೊರಡುವಾಗ ಹೇಳಿದರು: “ಇನ್ನೊಂದ್ ಸಾರಿ ‘ರಂಗಣ್ಣನ ಅಂಗಡಿ ಎದುರು, ಇಲ್ಲಿ ಜೋಲಿ ಸ್ಪ್ರಿಂಗ್ ಸಿಗ್ತದೆ’ ಅಂತ ಪೂರ್ತಿ ಬರಿ ಅಮ್ಮಣಿ. ಕೊರಿಯರ್‌ನವನಾದ್ರೂ ತಗೊಳ್ಳಲಿ.”

ಮಗಳು ಈಗ ಜೋಲಿಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದಾಳೆ. ಎಂಬತ್ತು ಕಿಲೋ ರಂಗಣ್ಣನನ್ನು ತಡೆದ ಕೊಕ್ಕೆ ಆರು ಕಿಲೋ ಮಗಳನ್ನು ತಡೆಯುತ್ತದೋ ಇಲ್ಲವೋ ಎಂದು ನಾನು ಎಚ್ಚರವಾಗಿ ಕೂತಿದ್ದೇನೆ.