ಟೊಮೆಟೊ ಗಿಡದ ಬುಡದ ಮೀನು

ಕ್ಯಾಸ್ಪರ್ ಬ್ರಾಂಡ್‌ವೋಲ್ಡ್ ಮೊಟ್ಟಮೊದಲು ವಾಲೈ ಮೀನನ್ನು ಹಿಡಿದಾಗ ಅದರ ಕಣ್ಣು ನೋಡಿ ಅಯ್ಯೋ ಎಂದ. ಹಾಲು ಬೆರೆಸಿದಂತೆ ಬೆಳ್ಳಗಾದ, ಮಂಜು ಕವಿದ ಕಣ್ಣು. ಅವನ ಅಜ್ಜನಿಗೆ ಪೊರೆ ಬಂದಾಗ ಥೇಟ್ ಹೀಗೇ ಇತ್ತು. ಪಾಪ, ಕುರುಡು ಮೀನು, ಗಾಳ ಕಾಣದೆ ಕಚ್ಚಿದೆ ಎಂದುಕೊಂಡು ಮೆತ್ತಗೆ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ. ಬಿಟ್ಟದ್ದು ಸಾಲದೆಂದು “ಹುಷಾರಾಗಿ ಹೋಗು” ಅಂತಲೂ ಹೇಳಿದ.

ದೋಣಿಯ ಆ ತುದಿಯಲ್ಲಿ ಕೂತಿದ್ದ ಲೆಂಪಿ ಕಂಗಾಸ್ ತನ್ನ ಗಾಳವನ್ನು ಪಕ್ಕಕ್ಕಿಟ್ಟಳು.

“ಯಾಕೋ ಬಿಟ್ಟೆ?”

“ಅದಕ್ಕೆ ಕಣ್ಣು ಕಾಣಲ್ಲ ಅತ್ತೆ. ಪೊರೆ ಬಂದಿದೆ.”

“ಲೇ, ಈ ಕೆರೇಲಿರೋ ಅಷ್ಟೂ ವಾಲೈಗೂ ಕಣ್ಣು ಹಂಗೇ ಇರೋದು! ಕತ್ತಲಲ್ಲಿ ಅದಕ್ಕೆ ನಿನಗಿಂತ ಚೆನ್ನಾಗಿ ಕಾಣತ್ತೆ. ನೀನು ಬಿಟ್ಟಿದ್ದು ರಾತ್ರಿ ಊಟ ಕಣೋ, ಊಟ!”

ಆ ರಾತ್ರಿ ಇಬ್ಬರೂ ಬರೀ ಆಲೂಗಡ್ಡೆ ತಿಂದರು. ಬೆಳಗಾಗುವಷ್ಟರಲ್ಲಿ ಸುದ್ದಿ ಪೆಟ್ರೋಲ್ ಬಂಕ್ ತಲುಪಿತ್ತು. ಅಲ್ಲಿ ಕಾಫಿ ಕುಡಿಯುವವರೆಲ್ಲ ಅವನನ್ನು ಕಂಡರೆ ಎದ್ದು ನಿಂತು “ಬನ್ನಿ, ಕಣ್ಣಿನ ಡಾಕ್ಟ್ರೇ” ಎನ್ನತೊಡಗಿದರು.

ಕ್ಯಾಸ್ಪರ್ ಹುಟ್ಟಿದ್ದು ಅಮೆರಿಕದ ಡಕೋಟಾದ ಗೋಧಿ ಬಯಲಿನಲ್ಲಿ. ದನ ನೀರು ಕುಡಿಯುವ ತೊಟ್ಟಿಗಿಂತ ಆಳದ ನೀರನ್ನು ಅವನು ಕಂಡವನಲ್ಲ. ಮಿನೆಸೋಟಾದ ಉತ್ತರ ತುದಿಯ ಈ ಸರೋವರಕ್ಕೆ ಬಂದದ್ದು ವೆಂಡೆಲ್ ಕ್ರೂಸನ ರೆಸಾರ್ಟಿನಲ್ಲಿ ಕೆಲಸಕ್ಕೆ. ಅವನ ಅಂಗಿಯ ಜೇಬಿನ ಮೇಲೆ ‘ಅತಿಥಿ ಸೇವಾ ಸಂಯೋಜಕ’ ಎಂದು ಕಸೂತಿ ಹಾಕಿಸಿದ್ದರು. ಅವನು ಸಂಯೋಜಿಸುತ್ತಿದ್ದದ್ದು ದೋಣಿಗಳ ತಳದ ಪಾಚಿಯನ್ನು ಮತ್ತು ಕಕ್ಕಸಿನ ಕಾಗದದ ಸುರುಳಿಗಳನ್ನು. ಬಾಡಿಗೆಗೆ ಹಿಡಿದದ್ದು ಲೆಂಪಿಯ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಮೇಲಿನ ಕೋಣೆ. ಶನಿವಾರ ಸಂಜೆ ಆಕೆ ಕೆಳಗೆ ಕಲ್ಲು ಕಾಯಿಸಿ ನೀರೆರಚಿದರೆ ಮೇಲೆ ಇವನು ಕಡುಬಿನಂತೆ ಬೇಯುತ್ತಿದ್ದ. ಅದಕ್ಕೇ ಬಾಡಿಗೆ ಕಡಿಮೆ.

ಲೆಂಪಿ ಹುಟ್ಟಿದ್ದು ಅದೇ ದಡದಲ್ಲಿ. ಫಿನ್ಲೆಂಡಿನಿಂದ ಕಬ್ಬಿಣದ ಗಣಿಗೆ ಬಂದ ಅಪ್ಪ, ಗಣಿ ಮುಚ್ಚಿದ ಚಳಿಗಾಲಗಳಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಸಿಕ್ಕ ಮೀನನ್ನೆಲ್ಲ ಮನೆಗೆ ತರುತ್ತಿದ್ದ. ಆ ಮನೆಯಲ್ಲಿ ಮೀನು ಚಿಕ್ಕದಾಯಿತೆಂದು ಯಾರೂ ಮುಖ ಸಿಂಡರಿಸಿದ್ದಿಲ್ಲ. ದೊಡ್ಡವಳಾದ ಮೇಲೆ ಲೆಂಪಿ ಊರಿನ ಶಾಲೆಯಲ್ಲಿ ಅಡುಗೆಗೆ ನಿಂತಳು. ತಟ್ಟೆಯಲ್ಲಿ ಬಿಟ್ಟು ಎದ್ದ ಹುಡುಗರನ್ನು ಕಿವಿ ಹಿಡಿದು ಕೂರಿಸುತ್ತಿದ್ದಳು. ಆ ಹುಡುಗರೆಲ್ಲ ಈಗ ನಡುವಯಸ್ಸಿನವರು, ಆದರೂ ಅವಳೆದುರು ಬ್ರೆಡ್ಡಿನ ಅಂಚು ಬಿಡುವ ಧೈರ್ಯ ಇಲ್ಲ. ಊರಿಗೆಲ್ಲ ಅವಳು ಲೆಂಪಿ ಅತ್ತೆ. ಗಂಡ ಓನ್ನಿ ತೀರಿಕೊಂಡಾಗ ದಡದ ಜಾಗವನ್ನು ವೆಂಡೆಲನ ಅಪ್ಪನಿಗೆ ಮಾರಿದಳು. “ನೀನು ಇರೋ ತನಕ ನಿನ್ನ ದೋಣಿ ನನ್ನ ಕಟ್ಟೇಲೇ ಇರತ್ತೆ” ಎಂದು ಅವನು ನೀರಿಗೆ ಚಾಚಿದ ದೋಣಿಕಟ್ಟೆಯ ಹಲಗೆಯ ಮೇಲೆ ನಿಂತು ಮಾತು ಕೊಟ್ಟಿದ್ದ.

ಆ ಮಾತೇ ಅವಳ ಕಾಲು. ಮಂಡಿ ಸವೆದು ಹೋಗಿತ್ತು. ಕಟ್ಟೆಯಿಂದಾದರೆ ಹಲಗೆ ಹಿಡಿದು ದೋಣಿಗೆ ಇಳಿಯಬಹುದು. ಆಚೆ ದಡದ ಸಾರ್ವಜನಿಕ ಇಳಿಜಾರಿನಲ್ಲಾದರೆ ಸೊಂಟಮಟ್ಟ ನೀರಿಗಿಳಿದು ದೋಣಿ ತಳ್ಳಬೇಕು. ಕಟ್ಟೆ ಹೋದರೆ ಸರೋವರವೂ ಹೋದಂತೆ.

ಬೆಳಗ್ಗೆ ದಡದ ಹತ್ತಿರದ ಕಡಿಮೆ ಆಳದಲ್ಲಿ ಕೂತು ಅವಳು ನಾಲ್ಕು ಮೀನು ಹಿಡಿಯುತ್ತಿದ್ದಳು. ಗೇಣಿಗಿಂತ ಚೂರು ಉದ್ದದವು. ದೊಡ್ಡದು ಸಿಕ್ಕರೆ “ಹೋಗವ್ವ, ಮೊಟ್ಟೆ ಇಡು” ಎಂದು ಬಿಡುತ್ತಿದ್ದಳು. ನಾಲ್ಕಾದ ಕೂಡಲೇ ಗಾಳ ಸುತ್ತಿ ಮನೆಗೆ. ಎರಡನ್ನು ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುವುದು. ಇನ್ನೆರಡು ಹಾಲು, ಆಲೂಗಡ್ಡೆ, ಈರುಳ್ಳಿಯ ಸಾರಿಗೆ. ಕಾಯಿದೆಯೂ ಇದಕ್ಕೆ ಅಡ್ಡಿ ಹೇಳುತ್ತಿರಲಿಲ್ಲ.

ಅಡ್ಡಿ ಹೇಳಿದ್ದು ಸಂಘ. ಬೇಸಿಗೆಗೆ ನಗರದಿಂದ ಬರುವ ಗಾಳಗಾರರ ಸಂಘ. ಅದರ ಅಧ್ಯಕ್ಷ, ಹಲ್ಲಿನ ಡಾಕ್ಟರ್ ಹಾರ್ಲನ್ ಸ್ಟ್ರೈಟ್, ತನ್ನದೇ ಖರ್ಚಿನಲ್ಲಿ ಕಟ್ಟೆಯ ಬಳಿ ಒಂದು ಫಲಕ ನೆಡಿಸಿದ್ದ: ‘ಮರಿಗಳನ್ನು ಬಿಡಿ, ಸರೋವರ ಉಳಿಸಿ.’ ಅದರ ಕೆಳಗೇ ಲೆಂಪಿ ನಾಲ್ಕು ಮರಿ ಹಿಡಿದು ಕುಂಟುತ್ತ ಹೋಗುವುದನ್ನು ಅತಿಥಿಗಳು ನೋಡಿ ಮುಖ ತಿರುಗಿಸುತ್ತಿದ್ದರು. ಒಬ್ಬಾಕೆ ಫೋಟೊ ತೆಗೆದು ವೆಂಡೆಲನಿಗೆ ದೂರು ಕೊಟ್ಟಳು.

ಆದರೆ ಅತಿಥಿಗಳು ನೋಡದ ಇನ್ನೊಂದು ಸಂಗತಿ ಇತ್ತು. ಅದು ಕ್ಯಾಸ್ಪರನ ಕೆಲಸ.

ಆಗಸ್ಟಿನ ಬಿಸಿಗೆ ವಾಲೈಗಳು ನಡುಸರೋವರದ ಆಳದ ಗುಂಡಿಗೆ ಇಳಿಯುತ್ತವೆ. ಸಂಘದವರು ಅಲ್ಲಿ ದಿನವಿಡೀ ಹಿಡಿಯುವುದು, ಬಿಡುವುದು. ಅಷ್ಟು ಆಳದಿಂದ ಸರ್ರನೆ ಎಳೆದ ಮೀನಿನ ಹೊಟ್ಟೆ ಒಳಗಿನ ಗಾಳಿ ಹಿಗ್ಗಿ ಬಲೂನಿನಂತೆ ಉಬ್ಬುತ್ತದೆ. ಬಿಟ್ಟರೆ ಕೆಲವು ಬಾಲ ಬಡಿದು ಇಳಿಯುತ್ತವೆ. ಉಳಿದವು ಮಗುಚಿ ತೇಲುತ್ತವೆ. ರಾತ್ರಿಯ ಗಾಳಿ ಅವನ್ನೆಲ್ಲ ರೆಸಾರ್ಟಿನ ಕೊಲ್ಲಿಗೆ ತಂದು ಗುಡ್ಡೆ ಹಾಕುತ್ತದೆ. ಅತಿಥಿಗಳು ತಿಂಡಿಗೆ ಏಳುವ ಮೊದಲು ‘ಸೇವಾ ಸಂಯೋಜಕ’ ಬಲೆಯಿಂದ ಅವನ್ನು ಗೋರಿ, ಕೈಗಾಡಿಗೆ ತುಂಬಿ, ಅಡುಗೆಮನೆ ಹಿಂದೆ ವೆಂಡೆಲನ ಟೊಮೆಟೊ ಗಿಡಗಳ ಬುಡಕ್ಕೆ ಹೂಳಬೇಕು. “ಜನರ ಮನಸ್ಸು ಹಾಳಾಗಬಾರದು ನೋಡು” ಎಂದಿದ್ದ ವೆಂಡೆಲ್. ಕ್ಯಾಸ್ಪರನಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಬಿಡುವುದು ಪುಣ್ಯ ಎಂದು ನಂಬಿದ್ದ ಕಣ್ಣಿನ ಡಾಕ್ಟರು ಅವನು. ಸತ್ತವು ಏನೋ ಕಾಯಿಲೆಯಿಂದ ಸತ್ತಿರಬೇಕು ಎಂದುಕೊಂಡಿದ್ದ.

ಒಂದು ಶುಕ್ರವಾರ ಟೊಮೆಟೊ ಕೇಳಲು ಬಂದ ಲೆಂಪಿ ಅವನನ್ನು ಗುದ್ದಲಿ ಸಮೇತ ಹಿಡಿದಳು.

“ಏನೋ ಇದು?”

“ಗೊಬ್ಬರ ಅತ್ತೆ.”

ಲೆಂಪಿ ಬಗ್ಗಿ ಒಂದನ್ನೆತ್ತಿದಳು. ಅವಳ ಬಾಣಲೆಗೆ ಹೇಳಿ ಮಾಡಿಸಿದ ಗಾತ್ರ. ಅದರ ಜಠರ ಬಾಯಿಂದ ಹೊರಗೆ ಬಂದಿತ್ತು. ಅದನ್ನು ಅವನ ಮುಖದ ಮುಂದೆ ಹಿಡಿದಳು.

“ನಂಗೆ ಕಟುಕಿ ಅಂತಾರೆ ಇವರು,” ಎಂದಳು. “ಮುಖ ತಿರುಗಿಸ್ತಾರೆ. ನಾನು ನಾಲ್ಕು ತಿಂದ್ರೆ ಪಾಪ. ಇವರು ಗಾಡಿಗಟ್ಟಲೆ ಹೂತ್ರೆ ಧರ್ಮ! ತಟ್ಟೇಲಿ ಅನ್ನ ಬಿಟ್ಟೋರ್ನ ಕಿವಿ ಹಿಂಡಿದೋಳು ಕಣೋ ನಾನು. ಇವರಿಗೆಲ್ಲಿ ಹಿಂಡ್ಲಿ?”

ಟೊಮೆಟೊ ಬೇಡವೆಂದು ಹೋದಳು.

ಮರುದಿನ ಬೆಳಗ್ಗೆ ಮೀನು ಸೀಳುವ ಚಪ್ಪರದ ಮುಂದೆ ಅತಿಥಿಗಳು ಕಾಫಿ ಹಿಡಿದು ನಿಂತಿದ್ದರು. ಲೆಂಪಿ ತನ್ನ ನಾಲ್ಕನ್ನು ಮೇಜಿನ ಮೇಲಿಟ್ಟು ಚೂರಿ ಮಸೆದಳು. ಡಾಕ್ಟರ್ ಹಾರ್ಲನ್ ಹತ್ತಿರ ಬಂದ.

“ಇನ್ನೂ ಮರಿಗಳಲ್ವಾ ಅಮ್ಮ ಇವು? ನಿನ್ನೆ ನಾನು ಮೂವತ್ತು ನಲವತ್ತು ಹಿಡಿದಿರಬಹುದು. ಒಂದನ್ನೂ ಇಟ್ಕೊಳ್ಳಲಿಲ್ಲ.”

“ಎಲ್ಲಿ ಹಿಡಿದ್ರಿ?”

“ನಡುವಿನ ಗುಂಡೀಲಿ.”

ಲೆಂಪಿ ತಿರುಗಿದಳು. “ಕ್ಯಾಸ್ಪರ್, ಗಾಡಿ ತಾ.”

ಕ್ಯಾಸ್ಪರ್ ವೆಂಡೆಲನತ್ತ ನೋಡಿದ. ವೆಂಡೆಲ್ ಬೇಡವೆಂದು ತಲೆಯಾಡಿಸಿದ. ಕ್ಯಾಸ್ಪರ್ ತನ್ನ ಜೇಬಿನ ಮೇಲಿನ ಕಸೂತಿ ನೋಡಿಕೊಂಡ, ಬರಬೇಕಿದ್ದ ವಾರದ ಸಂಬಳವನ್ನು ನೆನೆದ, ಧೈರ್ಯ ಹುಡುಕಿದ, ಸಿಗಲಿಲ್ಲ. ಆದರೆ ಲೆಂಪಿಯ ಕಣ್ಣಿಗೆ ಹೆದರಿ ಕಾಲು ತಾನಾಗಿ ನಡೆಯಿತು. ಆ ಬೆಳಗಿನ ಗಾಡಿಯನ್ನು ಇನ್ನೂ ಹೂತಿರಲಿಲ್ಲ. ಅದನ್ನು ತಳ್ಳಿಕೊಂಡು ಬಂದು ಮೇಜಿನ ಪಕ್ಕ ನಿಲ್ಲಿಸಿದ. ನೊಣಗಳೂ ಜೊತೆಗೇ ಬಂದವು. ಯಾರೋ ಕಾಫಿ ಚೆಲ್ಲಿದರು.

“ತಗೊಳ್ಳಿ,” ಎಂದಳು ಲೆಂಪಿ. “ನೀವು ಇಟ್ಕೊಳ್ಳದೆ ಇದ್ದಿದ್ದು.”

ಹಾರ್ಲನನ ಕಿವಿ ಕೆಂಪಾಯಿತು. “ಇವೆಲ್ಲಾ ನಮ್ಮದೇ ಅಂತ ಹೇಗೆ ಹೇಳ್ತೀರಿ? ಬಹಳಷ್ಟು ಮೀನು ಚೆನ್ನಾಗೇ ಈಜಿಕೊಂಡು ಹೋಗತ್ತೆ.”

“ಹೋಗತ್ತೆ. ನಾನು ಬಿಟ್ಟಿದ್ದೂ ಹೋಗತ್ತೆ. ಈಜಿದ್ದಕ್ಕೆ ನಿಮಗೆ ಶಾಭಾಸ್. ತೇಲಿದ್ದಕ್ಕೆ ಯಾರಿಗೆ ಶಾಭಾಸ್ ಹೇಳ್ಲಿ, ಟೊಮೆಟೊಗಾ? ಹಸಿವಿಗೆ ಹಿಡೀರಿ, ನಾನು ಮಾತಾಡಲ್ಲ. ಆಟಕ್ಕೆ ಹಿಡಿದು, ಸಾಯಿಸಿ, ಮೇಲೆ ಬೋರ್ಡು ಬೇರೆ ನೆಡ್ತೀರಲ್ಲ, ಥೂ!”

“ಅತ್ತೆ, ಸಾಕು!” ವೆಂಡೆಲ್ ನಡುವೆ ಬಂದ. ಅತಿಥಿಗಳ ಮುಖ ನೋಡಿ ದನಿ ತಗ್ಗಿಸಿದ. “ಇನ್ಮೇಲೆ ಮರಿ ತರಲ್ಲ ಅಂತ ಒಂದು ಮಾತು ಹೇಳಿ. ದೋಣಿ ಇಲ್ಲೇ ಇರಲಿ.”

“ನಿಮ್ಮಪ್ಪ ಇದೇ ಹಲಗೆ ಮೇಲೆ ನಿಂತು ಮಾತು ಕೊಟ್ಟಿದ್ದ ವೆಂಡೆಲ್.”

“ಅಪ್ಪ ಕೊಟ್ಟಿದ್ದು. ನಾನಲ್ಲ.”

ಲೆಂಪಿ ಅವನನ್ನು ನೋಡಿದಳು. ಅವನೂ ಶಾಲೆಯಲ್ಲಿ ಅವಳ ಕೈಯ ಊಟ ಉಂಡವನೇ. ನಾಲ್ಕು ಮೀನನ್ನೂ ಸೀಳಿ ತೊಳೆದು, ಡಬ್ಬಿಗೆ ಹಾಕಿ, ಮೇಜು ಒರೆಸಿದಳು. ಮರಿ ತರಲ್ಲ ಎಂಬ ಮಾತು ಮಾತ್ರ ಹೇಳಲಿಲ್ಲ.

“ಕ್ಯಾಸ್ಪರ್, ಅವರ ದೋಣಿ ಬಿಚ್ಚು,” ಎಂದ ವೆಂಡೆಲ್.

ಕ್ಯಾಸ್ಪರ್ ಬಿಚ್ಚಿದ. ಹಗ್ಗ ಬಿಚ್ಚುವುದು ಅವನ ಕೆಲಸ, ಇದೇ ಮೊದಲ ಸಲ ಗಂಟು ಒಂದೇ ಯತ್ನಕ್ಕೆ ಬಿಚ್ಚಿಕೊಂಡಿತು. ಲೆಂಪಿಗೆ ಕೈಕೊಟ್ಟು ದೋಣಿಗಿಳಿಸಿದ. ಆಮೇಲೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ಮೊದಲೇ ತಾನೂ ಹಾರಿ ಕೂತ. ಹಾರಿದ ರಭಸಕ್ಕೆ ದೋಣಿ ಮಗುಚುವುದರಲ್ಲಿತ್ತು.

“ನೀನ್ಯಾಕೋ ಬಂದೆ, ಹೆಡ್ಡ?”

“ಆ ಕಡೆ ದಡದಲ್ಲಿ ದೋಣಿ ತಳ್ಳೋಕೆ ಜನ ಬೇಕಲ್ಲ ಅತ್ತೆ. ದಿನಾ ಬೆಳಗ್ಗೆ.”

ಲೆಂಪಿ ಎಂಜಿನ್ನಿನ ಹಗ್ಗ ಎಳೆದಳು. ಕಟ್ಟೆ ಹಿಂದೆ ಸರಿಯಿತು. ನಡುಸರೋವರದಲ್ಲಿ ಆಗಲೇ ಸಂಘದ ಎರಡು ದೋಣಿಗಳು ನಿಂತಿದ್ದವು. ಅವುಗಳ ಮೇಲೆ ಬಿಳಿ ಹಕ್ಕಿಗಳು ಸುತ್ತುತ್ತಿದ್ದವು. ಕ್ಯಾಸ್ಪರನ ಬಾಯಿ ಸುಮ್ಮನಿರಲಿಲ್ಲ.

“ಅತ್ತೆ, ಕೋಪ ಮಾಡ್ಕೋಬೇಡಿ. ಎಲ್ಲರೂ ನಿಮ್ಮ ಹಾಗೆ ಮರಿಗಳನ್ನೇ ಮನೆಗೆ ಒಯ್ದರೆ, ಕೆರೇಲಿ ಮೀನು ಕಮ್ಮಿ ಆಗಲ್ವಾ?”

ಲೆಂಪಿ ಎಂಜಿನ್ನಿನ ಸದ್ದು ಇಳಿಸಿದಳು.

“ಆಗತ್ತೆ. ಆಗ ಎರಡು ಹಿಡೀತೀನಿ. ಎರಡೂ ತಿಂತೀನಿ.”