ಗುಡ್ಡದಪ್ಪನ ಹೆಸರು

ಬೆಳಗಾಗುವ ಹೊತ್ತಿಗೆ ಗಾಳಿ ನಿಂತಿತ್ತು. ರಾಣೆಬೆನ್ನೂರಿನ ಹೊರಗಿನ ಆ ಕಾಲೇಜಿನ ಗೇಟು ಮುರಿದು ನೆಲಕ್ಕೆ ಬಿದ್ದಿತ್ತು. ಉಚ್ಚಂಗೆವ್ವ ಕಸಬರಿಗೆ ಹಿಡಿದೇ ಒಳಗೆ ಬಂದಳು. ಗುಡಿಸಲು ಬಂದವಳಲ್ಲ; ರಾತ್ರಿ ಅಲ್ಲಿಯ ಕಾವಲಿಗೆ ಹೋದ ಗಂಡ ಮಾಲತೇಶ ಇನ್ನೂ ಮನೆಗೆ ಬಂದಿರಲಿಲ್ಲ.

"ಅವನ ಫೋನ್ ಹತ್ತವಲ್ದು ಉಚ್ಚಂಗೆಕ್ಕ," ಎಂದ ಜವಾನ ಮೌಲಾಸಾಬ. "ನಾ ಹಾಸ್ಟೆಲ್ ಕಡೆ ನೋಡ್ತೇನಿ. ನೀ ಗ್ರೌಂಡ್ ಕಡೆ ಹೋಗು. ವೈರ್ ಬಿದ್ದಾವು, ತುಳದಗಿಳದಿ."

ದಿನವೂ ತಾನೇ ಗುಡಿಸುವ ಅಂಗಳದ ಗುರುತು ಅವಳಿಗೆ ಸಿಗಲಿಲ್ಲ. ಹಾರಿದ ತಗಡು ಬೇವಿನ ಮರಕ್ಕೆ ಸುತ್ತಿಕೊಂಡಿತ್ತು. ಕಿಟಕಿಯ ಗಾಜು ಕಾಲಡಿ ಕರಕರ ಎನ್ನುತ್ತಿತ್ತು. ಹಕ್ಕಿಯ ಸದ್ದೇ ಇಲ್ಲ. ಸತ್ತ ಗಿಳಿಗಳು ಹುಲ್ಲಿನಲ್ಲಿ ಹಸಿರಾಗಿಯೇ ಬಿದ್ದಿದ್ದವು.

"ರೀ... ಎಲ್ಲಿ ಅದೀರಿ?"

ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಮದುವೆಯ ದಿನ ಹೆಂಗಸರ ಕಾಟ ತಾಳದೆ ಒಡಪಿನ ಪದದಲ್ಲಿ ಆ ಹೆಸರು ಸೇರಿಸಿ ಹೇಳಿದ್ದೇ ಕೊನೆ. ಮಾಲತೇಶ ಎಂಬುದು ದೇವರಗುಡ್ಡದ ದೇವರ ಹೆಸರೂ ಹೌದು. ಹಾಗಾಗಿ ದೀಪ ಹಚ್ಚುವಾಗಲೂ ಅವಳು 'ಗುಡ್ಡದಪ್ಪಾ' ಎಂದೇ ಕೈಮುಗಿಯುತ್ತಿದ್ದಳು. "ನನ್ನ ಸಲುವಾಗಿ ದೇವರ ಹೆಸರೂ ಕಳದಿ ನೋಡು," ಎಂದು ಗಂಡ ನಗುತ್ತಿದ್ದ.

ಗ್ರೌಂಡಿನ ಹಿಂದೆ ದೊಡ್ಡ ಹುಣಸೆಮರ ಸೈಕಲ್ ಶೆಡ್ಡಿನ ಮೇಲೆ ಮಲಗಿತ್ತು. ಮರ ಕಡಿಯುವವರು ಆಗಲೇ ಮಷೀನು ಚಾಲೂ ಮಾಡಿದ್ದರು. ಮಡಚಿದ ತಗಡಿನ ಅಂಚಿನಲ್ಲಿ ಒಂದು ಚಪ್ಪಲಿ. ಅದರ ಬಾರಿಗೆ ನೀಲಿ ದಾರದ ಹೊಲಿಗೆ ಹಾಕಿದವಳು ಅವಳೇ.

"ನಿಲ್ಲಸ್ರಿ! ಒಳಗ ನಮ್ಮ ಮನಿಯವ್ರು ಅದಾರ!"

ಬ್ಯಾಡಗಿ ಕಡೆಯಿಂದ ಬಂದಿದ್ದ ತಿರಕಪ್ಪ ಮಷೀನು ಬಂದ್ ಮಾಡಿದ. "ಯಾರಬೇ? ಹೆಸರೇನು?"

ಅವಳು ಹೆಸರು ತಪ್ಪಿಸಿ ಹೇಳಿದಳು: "ಗುಡ್ಡದಪ್ಪನ ಹೆಸರ್ರಿ."

ತಿರಕಪ್ಪ ಬಗ್ಗಿ, "ಗುಡ್ಡಪ್ಪಾ! ಏ ಗುಡ್ಡಪ್ಪಾ!" ಎಂದು ಕೂಗಿದ. ಆ ಸೀಮೆಯಲ್ಲಿ ಓಣಿಗೊಬ್ಬ ಗುಡ್ಡಪ್ಪ. ಕೆಳಗಿನಿಂದ ಸದ್ದು ಬರಲಿಲ್ಲ.

"ಯಾರೂ ಇಲ್ಲವ್ವ. ಚಪ್ಪಲಿ ಗಾಳೀಗೆ ಬಂದಿರಬೇಕು. ಸರಿ ಅತ್ತಾಗ."

"ಗುಡ್ಡಪ್ಪ ಅಲ್ರಿ..." ಎಂದದ್ದನ್ನು ಮಷೀನಿನ ಅಬ್ಬರ ನುಂಗಿತು. ಕೊಂಬೆಗೆ ಗರಗಸ ತಾಗಿದ್ದೇ ತಡ, ಇಡೀ ಮರ ಒಂದಿಷ್ಟು ಕುಸಿಯಿತು. ಕೆಳಗೆ ತಗಡು ನರಳಿತು.

ಉಚ್ಚಂಗೆವ್ವ ಕಸಬರಿಗೆ ಎಸೆದು ಮೊಣಕಾಲೂರಿದಳು.

"ಮಾಲತೇಶಾ! ಮಾಲತೇಶಾ, ಓ ಅನ್ನೋ!"

ಆ ಕೂಗಿಗೆ ಬೆಚ್ಚಿ ತಿರಕಪ್ಪ ಕೈ ಹಿಂದೆಗೆದ. ಮಷೀನು ನಿಂತಿತು. ಒಳಗಿನಿಂದ ತಗಡಿಗೆ ಬಡಿದ ಸಣ್ಣ ಸದ್ದು. ಮತ್ತೊಮ್ಮೆ.

ಹಗ್ಗ ಕಟ್ಟಿ ಮರ ಎತ್ತಿ ಹೊರಗೆಳೆದಾಗ ಮಾಲತೇಶನ ಮುಖ ಬೂದಿಯಂತಿತ್ತು. ಕಾಲು ನಜ್ಜುಗುಜ್ಜಾಗಿತ್ತು. ಹಾವೇರಿಗೆ ಹೊರಟ ಆಂಬ್ಯುಲೆನ್ಸಿನಲ್ಲಿ ಒಮ್ಮೆ ಕಣ್ಣು ಬಿಟ್ಟ.

"ಯಾರ್ ಕರದ್ರು ನನ್ನ?"

"ನಾ ದೇವರನ್ನ ಕರದ್ನಿರಿ."

"ದೇವರಿಗೆ... ಓ ಅನ್ನೋ ಅಂತಾರೇನಬೇ?" ಎಂದು ತುಟಿಯಂಚಿನಲ್ಲಿ ನಕ್ಕು ಮತ್ತೆ ಕಣ್ಣು ಮುಚ್ಚಿದ.

ಕಿಟಕಿಯಾಚೆ ಗುಡ್ಡದ ಮೇಲೆ ಮೋಡ ಮತ್ತೆ ಕಪ್ಪಾಗುತ್ತಿತ್ತು. ಆಡಿದ ಹೆಸರನ್ನು ಹಿಂದಕ್ಕೆ ನುಂಗುವವಳಂತೆ ಉಚ್ಚಂಗೆವ್ವ ತುಟಿ ಬಿಗಿಹಿಡಿದು ಅವನ ಮುಂಗೈ ಹಿಡಿದು ಕೂತಳು. ಬೆರಳಡಿಯ ನಾಡಿ ಒಮ್ಮೆ ತಡೆದು ನಿಂತಿತು. ಆಮೇಲೆ, ಯಾರೋ ನೆನಪಿಸಿದಂತೆ, ಮತ್ತೆ ಬಡಿಯಿತು.